ಅಮ್ಮನ ಸೀರೆ ಅಂಚಿನಲ್ಲಿ ಕರುಪ್ಪಾಯಿಯ ಕೊಡೆ

ಕುಂಕುಮ ಇಟ್ಟು ಶುರು ಮಾಡಿದ ಕೆಲಸ ಕೆಡುವುದಿಲ್ಲ ಎಂದು ನಂಬಿಕೊಂಡು ಬಂದವಳು ನಾನು. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಅದಕ್ಕೊಂದು ಬೊಟ್ಟು. ಹೊಸ ಮಿಕ್ಸಿಗೊಂದು ಬೊಟ್ಟು. ಕರೆಂಟ್ ಮೀಟರಿಗೂ ಒಂದು. ಪಾಪ, ಅದೂ ನಮಗಾಗಿ ಹಗಲು ರಾತ್ರಿ ದುಡಿಯುತ್ತದೆ. ಮಗಳು ಭುವನಾಳ ಪರೀಕ್ಷೆಯ ಹಾಲ್ ಟಿಕೆಟಿಗೆ ಇಟ್ಟ ಬೊಟ್ಟು ನೇರವಾಗಿ ಫೋಟೋದ ಮೂಗಿನ ಮೇಲೆ ಕೂತುಬಿಟ್ಟು, ತಾನು ತಾನೇ ಎಂದು ಅವಳು ಪರೀಕ್ಷೆಯ ಹಾಲಿನಲ್ಲಿ ಸಾಬೀತು ಮಾಡಬೇಕಾಯಿತು. ಆದರೂ ಪಾಸಾದಳು. ಕುಂಕುಮದಿಂದ ಪಾಸಾದೆ ಎಂದು ನಾನು. ಕುಂಕುಮ ಇದ್ದೂ ಪಾಸಾದೆ ಎಂದು ಅವಳು.

ಇಂಥ ನಾನು ಒಂದು ಕಾಗದಕ್ಕೆ ಕುಂಕುಮ ಇಟ್ಟು, ನಮ್ಮ ಮನೆಯ ಮರ್ಯಾದೆಯನ್ನು ಮಗ್ಗಕ್ಕೆ ಏರಿಸಿದೆ!

ನಮ್ಮದು ಸೇಲಂನಲ್ಲಿ ಕನ್ನಡ ಮನೆಮಾತಿನ ನೇಕಾರರ ಬೀದಿ. ನಮ್ಮ ಯಜಮಾನರು ಮಗ್ಗದಲ್ಲಿ ಕೂತರೆ, ನಾನು ಪಕ್ಕದಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತಿ ಕೊಡುತ್ತೇನೆ. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಆ ಬಿಡುವಿಗೆಂದು ಭುವನಾ ಒಂದು ದಿನ ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ ಇಟ್ಟು ಹೋದಳು. ಹೀಗೆ ನಮ್ಮ ಮನೆಗೆ ಕರುಪ್ಪಾಯಿ ಬಂದಳು.

ಕರುಪ್ಪಾಯಿ ಒಂದು ಕಾಗೆ. ಇಂಟರ್ನೆಟ್ಟಿನಲ್ಲಿ ಶನಿವಾರ ಶನಿವಾರ ಬರುವ ತಮಿಳು ಕಾರ್ಟೂನಿನ ನಾಯಕಿ. ಬಸ್ ಸ್ಟ್ಯಾಂಡ್ ಮೂಲೆಯಲ್ಲಿ ದೊಡ್ಡ ಕಪ್ಪು ಕೊಡೆಯ ಕೆಳಗೆ ವಡೆ ಮಾರುತ್ತಾಳೆ. ಉಳಿದ ಕಾಗೆಗಳು ಕದಿಯಲು ಬಂದರೆ "ದುಡಿದು ತಿನ್ರಪ್ಪಾ" ಎಂದು ಬುದ್ಧಿ ಹೇಳುತ್ತಾಳೆ. ಒಂದು ನರಿ ಆಗಾಗ ಬಂದು ಸಾಲಕ್ಕೆ ವಡೆ ಕೇಳುತ್ತದೆ. ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಗಾಳಿ ಬೀಸಿ ಅವಳ ಕೊಡೆ ಫಟ್ ಎಂದು ಮೇಲಕ್ಕೆ ಮಗುಚಿಕೊಳ್ಳುತ್ತದೆ. ಮೊದಲ ಸಲ ಅದನ್ನು ನೋಡಿ ನಾನು ನಕ್ಕ ನಗೆಗೆ ರಾಟೆಯ ನೂಲು ಹರಿಯಿತು.

"ದೇವರ ಪದ ಕೇಳೋ ಒತ್ನಾಗೆ ಇದೇನು ಕಾಗೆ ನೋಡ್ತಾ ಕುಂತಿದ್ದೀಯ?" ಎಂದರು ಯಜಮಾನರು.

"ಏನುಂಗ, ಕಾಗೆ ಶನಿದೇವರ ವಾಹನ. ಬರೋದೂ ಶನಿವಾರ. ಇದೂ ಒಂದು ಸೇವೆನೇ."

ವಾದದಲ್ಲಿ ಸೋತಾಗ ಅವರು ಮಗ್ಗವನ್ನು ಸ್ವಲ್ಪ ಜೋರಾಗಿ ಬಡಿಯುತ್ತಾರೆ.

ನೋಡುತ್ತ ನೋಡುತ್ತ ನನಗೊಂದು ಯೋಚನೆ ಹತ್ತಿತು. ಈ ಕೊಡೆ ಒಂದು ವಾರ ಮೂರು ಸಲ ಮಗುಚುತ್ತದೆ, ಇನ್ನೊಂದು ವಾರ ಒಂದು ಸಲವೂ ಇಲ್ಲ. ಯಾಕೆ? ನರಿ ಬಂದ ದಿನ ಹೆಚ್ಚಾ? ಕರುಪ್ಪಾಯಿ ಸುಳ್ಳು ಹೇಳಿದ ದಿನ ಹೆಚ್ಚಾ? ಸೊಪ್ಪು ಬಿಡಿಸುವಾಗಲೂ ಇದೇ ಯೋಚನೆ. ಭುವನಾಳನ್ನು ಕೇಳಿದೆ.

"ಅಯ್ಯೋ ಮಾ, ಅಂಥದ್ನೇ ಲೆಕ್ಕ ಆಕೋರು ಒಂದು ಗ್ರೂಪೇ ಐತೆ. ಸೇರಿಸ್ಲಾ?"

ಸೇರಿಸಿದಳು. ಒಳಗೆ ಹೋಗಿ ನೋಡಿದರೆ ಮಹಾಸಭೆ! ಒಬ್ಬರು ಪ್ರತಿ ಕಂತಿನಲ್ಲಿ ಮಾರಾಟವಾದ ವಡೆ ಎಣಿಸುತ್ತಾರೆ. ಒಬ್ಬರು ನರಿಯ ಬಾಲ ಮೊದಲು ಕಾಣುತ್ತದೋ ಮೂತಿಯೋ ಎಂದು ಪಟ್ಟಿ ಮಾಡಿದ್ದಾರೆ. ನಲ್ಲಂಪಳ್ಳಿ ಕಡೆಯ ಒಬ್ಬ ಮಹಾನುಭಾವರು ಹಿಂದೆ ನಿಂತ ಬಸ್ಸಿನ ಬಣ್ಣಗಳಿಗೆ ದುಂಡನೆಯ ಚಿತ್ರ ಬರೆದು ಹೋಳಿಗೆಯ ಹಾಗೆ ಹೋಳು ಮಾಡಿದ್ದಾರೆ. ನನ್ನ ತವರೂ ನಲ್ಲಂಪಳ್ಳಿಯೇ. ನಮ್ಮೂರಲ್ಲಿ ಇಂಥ ತಲೆಗಳಿವೆ ಎಂದು ಎದೆ ಉಬ್ಬಿತು. ಎಲ್ಲರ ಮೇಲೆ ನ್ಯಾಯ ಹೇಳುವ ಹಿರಿಯ ಒಬ್ಬರಿದ್ದಾರೆ, ಊರು ಪಾಲಕೋಡ್. ಮುಖ ಯಾರೂ ನೋಡಿಲ್ಲ. ಫೋಟೋ ಇರುವ ಜಾಗದಲ್ಲಿ ಒಂದು ಟೊಮ್ಯಾಟೊ. ಆದ್ದರಿಂದ ಹೆಸರೂ ಟೊಮ್ಯಾಟೊ.

"ಕೊಡೆ ಮಗುಚೋದನ್ನ ಯಾರೂ ಎಣಿಸಿಲ್ಲವಾ?" ಎಂದು ಭುವನಾಳ ಕೈಯಲ್ಲಿ ಬರೆಸಿ ಕೇಳಿದೆ.

ಯಾರೂ ಎಣಿಸಿರಲಿಲ್ಲ. ಆಮೇಲೆ ಟೊಮ್ಯಾಟೊ ಬರೆದರು: "ಅಕ್ಕಾ, ಕೊಡೆ ಇನ್ನು ನಿಮ್ಮದು."

ಮಹಿಳಾ ಸಂಘದಲ್ಲೂ ನನಗೆ ಇಂಥ ಹುದ್ದೆ ಸಿಕ್ಕಿರಲಿಲ್ಲ!

ಮೊದಲ ಕಂತಿನಿಂದ ಎಲ್ಲವನ್ನೂ ಮತ್ತೆ ನೋಡಿದೆ. ಒಂದು ಮಗುಚಿಗೆ ಒಂದು ಹುಣಸೆ ಬೀಜ. ಕಂತಿಗೊಂದು ಗುಡ್ಡೆ. ಒಂದು ಬೆಳಿಗ್ಗೆ ಭುವನಾ ಕಸವೆಂದು ಅಷ್ಟನ್ನೂ ಗುಡಿಸಿ ಬೀದಿಗೆ ಹಾಕಿದಳು. ಇನ್ನೊಂದು ಸಲ ನೋಡುವ ಭಾಗ್ಯ ಬಂತು ಎಂದುಕೊಂಡೆ. ಬೇಜಾರಾಗದ ಮನಸ್ಸು ಕೊಟ್ಟಿದ್ದಾಳೆ ನಮ್ಮ ಗುಡಿಯ ಅಮ್ಮ, ಅದೇ ದೊಡ್ಡದು.

ಲೆಕ್ಕ ಮುಗಿದಾಗ ಟೊಮ್ಯಾಟೊ ಆಜ್ಞೆ ಬಂತು: "ಗ್ರಾಫ್ ಹಾಕಿ ಅಕ್ಕಾ."

ಗ್ರಾಫಿಗೆ ನೇಕಾರರ ಮನೆಯಲ್ಲಿ ಬರವೇ? ಸೀರೆಯ ಅಂಚಿನ ಚಿತ್ರವನ್ನು ಡಿಸೈನ್ ಬರೆಯುವವರು ಇಂಥ ಚೌಕದ ಕಾಗದದ ಮೇಲೆಯೇ ಬರೆಯುತ್ತಾರೆ. ತುಂಬಿದ ಒಂದೊಂದು ಚೌಕವನ್ನೂ ನೋಡಿ ಅಟ್ಟೆ ಹೊಡೆಯುವವನು ರಟ್ಟಿನ ಹಾಳೆಗಳಲ್ಲಿ ತೂತು ಹೊಡೆಯುತ್ತಾನೆ. ಆ ಅಟ್ಟೆಗಳ ಸರ ಮಗ್ಗದ ಮೇಲೆ ಕೂತು, ಯಾವ ನೂಲು ಏಳಬೇಕು ಯಾವುದು ಇಳಿಯಬೇಕು ಎಂದು ಹೇಳುತ್ತದೆ. ಕಪ್ಪು ಮಸಿ ಇದ್ದಲ್ಲಿ ಜರಿ, ಕೆಂಪು ಇದ್ದಲ್ಲಿ ಕೆಂಪು ರೇಷ್ಮೆ; ಕಾಗದದಲ್ಲಿ ಏನಿದೆಯೋ ಸೀರೆಯಲ್ಲಿ ಅದೇ.

ಬೀರುವಿನಿಂದ ಅಂಥದೊಂದು ಕಾಗದ ತೆಗೆದು ಕೂತೆ. ಕಂತಿಗೊಂದು ಕಂಬ. ಒಂದು ಮಗುಚಿಗೆ ಒಂದು ಚೌಕವಾದರೆ ಕಂಬ ಇರುವೆಯಷ್ಟು ಕಾಣುತ್ತದೆ ಎಂದು ನಾಲ್ಕು ಚೌಕ ತುಂಬಿದೆ. ಸಾದಾ ಕಂತಿಗೆ ಕಪ್ಪು ಮಸಿ, ನರಿ ಬಂದ ಕಂತಿಗೆ ಕೆಂಪು. ನಡುನಡುವೆ ಜಾಗ ಖಾಲಿ ಕಂಡಿತು. ಖಾಲಿ ಬಿಟ್ಟರೆ ಲಕ್ಷಣವಲ್ಲ ಎಂದು ಅಲ್ಲಲ್ಲಿ ಕರುಪ್ಪಾಯಿಯನ್ನೂ ಕೂರಿಸಿದೆ, ಕೊಕ್ಕಿನಲ್ಲಿ ಮಗುಚಿದ ಕೊಡೆ ಸಮೇತ. ಒಂದು ಚೌಕದಿಂದಲೂ ಮಸಿ ಹೊರಗೆ ಹೋಗಲಿಲ್ಲ. ಮುಗಿಸಿ, ಸುರುಳಿ ಸುತ್ತಿ, ದೇವರ ಮುಂದೆ ಇಟ್ಟು, ಹೊರಗಡೆ ಒಂದು ಬೊಟ್ಟು ಕುಂಕುಮ ಇಟ್ಟೆ.

ದೇವರ ಮುಂದೆ ಆಗಲೇ ಇನ್ನೊಂದು ಸುರುಳಿ ಇತ್ತು. ಅದಕ್ಕೂ ಕುಂಕುಮ ಇಟ್ಟವಳು ನಾನೇ.

ಅದು ಅಮ್ಮನ ಸೀರೆಯದು. ಹಬ್ಬಕ್ಕೆ ನಮ್ಮ ಗುಡಿಯ ಚೌಡಮ್ಮನಿಗೆ ಉಡಿಸುವ ಸೀರೆಯನ್ನು ವರ್ಷಕ್ಕೊಂದು ಮನೆಯವರು ನೇಯ್ದು ಕೊಡುವುದು ನಮ್ಮಲ್ಲಿ ಪದ್ಧತಿ. ಸರದಿ ಬೀದಿಯನ್ನೆಲ್ಲ ಸುತ್ತಿಕೊಂಡು ಬರಬೇಕು. ಹಿಂದಿನ ಸಲ ನಮ್ಮ ಮನೆಗೆ ಬಂದಾಗ ನೇಯ್ದವರು ಮಾವನವರು; ಆ ಸೀರೆಯ ಮಾತು ಇವತ್ತಿಗೂ ಜನ ಆಡುತ್ತಾರೆ. ಈ ವರ್ಷ ನಮ್ಮ ಯಜಮಾನರದು. ಅವರ ಜೀವಮಾನದಲ್ಲಿ ಮತ್ತೆ ಬರುತ್ತದೋ ಇಲ್ಲವೋ. ಡಿಸೈನರಿಗೆ "ಗೋಪುರದ ಅಂಚು, ನಡುವೆ ಅಕ್ಕಿ ಕೂತಿರ್ಬೇಕು" ಎಂದಷ್ಟೇ ಹೇಳಿ ಬಂದಿದ್ದರು. ಅಕ್ಕಿ ಎಂದರೆ ಹಕ್ಕಿ. ನಮ್ಮಲ್ಲಿ ಹಾಗೆಯೇ ಹೇಳುವುದು, ಡಿಸೈನರೂ ನಮ್ಮವನೇ. ಕಾಗದ ಬಂದ ಮೇಲೆ ದೇವರ ಮುಂದೆ ಇಟ್ಟು, ಒಳ್ಳೆಯ ದಿನ ನೋಡಿ ಬಿಚ್ಚದೆ ಅಟ್ಟೆ ಹೊಡೆಯುವವನಿಗೆ ಕೊಡುವುದು ಮಾವನವರ ಕಾಲದ ಶಾಸ್ತ್ರ.

ಒಳ್ಳೆಯ ದಿನ ಬಂತು. ಎರಡು ಕೆಲಸವೂ ಚೆನ್ನಾಗಿ ಆಗಲಿ ಎಂದು ಕೇಳಿಕೊಳ್ಳಲು ನಾನು ಬೆಳಿಗ್ಗೆಯೇ ಗುಡಿಗೆ ಹೋದೆ. ಹೋಗುವ ಮುಂಚೆ ಯಜಮಾನರಿಗೆ ಹೇಳಿದೆ, "ಕಾಗದ ಸಾಮಿ ಮುಂದೆ ಐತೆ, ಕುಂಕುಮ ಇಟ್ಟಿದ್ದೀನಿ, ತಗೊಂಡೋಗಿ." ಭುವನಾಳಿಗೂ ಹೇಳಿದೆ, "ಕಾಗದ ಸಾಮಿ ಮುಂದೆ ಐತೆ, ಕುಂಕುಮ ಇಟ್ಟಿದ್ದೀನಿ, ಫೋಟೋ ತೆಗೆದು ಗ್ರೂಪಿಗೆ ಆಕು."

ಅವರು ಮೊದಲು ಎದ್ದರು. ಒಂದನ್ನು ತೆಗೆದುಕೊಂಡು ಹೋದರು. ಇವಳು ಕಾಲೇಜಿನ ಬಸ್ಸು ಹಿಡಿಯುವ ಅವಸರದಲ್ಲಿ ಉಳಿದ ಒಂದರ ಫೋಟೋ ತೆಗೆದಳು. ಇಬ್ಬರೂ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ನಮ್ಮ ಮನೆಯಲ್ಲಿ ಇದು ಅಪರೂಪ.

ಅಟ್ಟೆ ಬಂತು, ಮಗ್ಗಕ್ಕೆ ಏರಿತು. ಅಮ್ಮನ ಸೀರೆ ಮುಗಿಯುವ ತನಕ ಯಜಮಾನರು ಸ್ನಾನ ಮಾಡದೆ ಮಗ್ಗ ಮುಟ್ಟುವುದಿಲ್ಲ ಎಂದರು. ನಾನು ಫೋನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತೆ. ಅರಿಶಿನದ ಬಣ್ಣದ ಸೀರೆ ನಿಧಾನವಾಗಿ ಬೆಳೆಯಿತು.

ಮಗ್ಗದಲ್ಲಿ ಇಂಥ ಸೀರೆಯ ಮುಖ ಕೆಳಗಿರುತ್ತದೆ. ನೇಯುವವರಿಗೆ ಕಾಣುವುದು ಬೆನ್ನು, ಬರೀ ಜರಿಯ ಎಳೆಗಳ ಗೋಜಲು. ಮುಖ ನೋಡಬೇಕೆಂದರೆ ಯಾರಾದರೂ ಕೆಳಗೆ ಕನ್ನಡಿ ಹಿಡಿಯಬೇಕು. ಒಂದು ಮೊಳ ಆದ ಮೇಲೆ ಕರೆದರು.

"ಅಮ್ಮಣೀ, ಕನ್ನಡಿ ತಕ್ಕೊಂಡು ಬಾ. ಅಂಚು ಎಂಗೆ ಬಿದ್ದೈತೆ ನೋಡುವಾ."

ಮಗ್ಗದ ಕೆಳಗೆ ಬಗ್ಗಿ ಕನ್ನಡಿ ಹಿಡಿದೆ. ಮೊದಲು ನನ್ನ ಮೂಗುತಿ ಕಂಡಿತು. ಆಮೇಲೆ ಅಂಚು. ಒಂದು ಉದ್ದ ಕಂಬ, ಒಂದು ಗಿಡ್ಡ ಕಂಬ, ಎರಡು ಕೆಂಪು ಕಂಬ. ಪಕ್ಕದಲ್ಲಿ ಅಪ್ಪಟ ಜರಿಯಲ್ಲಿ ಥಳಥಳ ಹೊಳೆಯುತ್ತ, ಕೊಕ್ಕಿನಲ್ಲಿ ಕೊಡೆ ಹಿಡಿದು, ಕರುಪ್ಪಾಯಿ!

ಕಣ್ಣು ತಪ್ಪಿತೇನೋ ಎಂದು ಕನ್ನಡಿಯನ್ನು ಆಚೆ ಈಚೆ ತಿರುಗಿಸಿ ನೋಡಿದೆ.

"ಅಲುಗಾಡಿಸ್ಬ್ಯಾಡ. ಎಂಗೈತೆ?"

"ಚೆ... ಚೆನ್ನಾಗೈತೆ."

"ಚೆನ್ನಾಗೈತಾ? ಈ ಮಾಡೆಲ್ ಸೇಲಂನಾಗೇ ಇಲ್ಲ!"

ಇಡೀ ಲೋಕದಲ್ಲೇ ಇಲ್ಲ ಎಂದು ನನಗೆ ಗೊತ್ತಿತ್ತು.

"ಗೋಪುರ ಎಲ್ಲಾ ಒಂದೇ ಎತ್ತರ ಇಟ್ಟಿಲ್ಲ ನೋಡು, ಊರಾಗೆ ಇರೋಂಗೇ ಏರು ತಗ್ಗು ಇಟ್ಟವ್ನೆ. ಅಕ್ಕಿ ಬಾಯಾಗೆ ಕಮಲ ಬೇರೆ! ಅಟ್ಟೆ ಒಡೆಯೋನೇ ಅಂದ, ಅಣ್ಣಾ, ಇಷ್ಟು ನೀಟಾಗಿ ಚೌಕ ತುಂಬಿದ ಗ್ರಾಫು ನಾನು ನೋಡೇ ಇಲ್ಲ ಅಂತ."

ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲೂ ನನಗೆ ಒಂಚೂರು ಹೆಮ್ಮೆಯಾಯಿತು.

ಹೆಮ್ಮೆ ಇಳಿದ ಮೇಲೆ ಮುಂದಿನದು ನೆನಪಾಯಿತು. ಅಮ್ಮನ ಸೀರೆ ಒಂದು ಸಲ ಮಗ್ಗಕ್ಕೆ ಏರಿದರೆ ನಡುವೆ ಕತ್ತರಿ ಹಾಕುವಂತಿಲ್ಲ. ಗುಡಿಯವರು ಬೇಡ ಎಂದರೆ ಬೇರೆ ನೇಯಲು ದಿನವಿಲ್ಲ. ಅಮ್ಮ ಹಳೆಯ ಸೀರೆಯಲ್ಲಿ ನಿಲ್ಲುತ್ತಾಳೆ. ಯಾರ ಸರದಿಯಲ್ಲಿ ಎಂದು ಬೀದಿಗೆಲ್ಲ ಗೊತ್ತಿರುತ್ತದೆ. ಆ ಮನುಷ್ಯ ಊಟಕ್ಕೂ ಏಳದೆ ನೇಯುತ್ತಿದ್ದಾರೆ, ಒಂದೊಂದು ಎಳೆಯೂ ನನ್ನ ಕಾಗೆಗೆ!

ಸಂಜೆ ಭುವನಾ ಬಂದ ಕೂಡಲೇ ಅಡುಗೆಮನೆಗೆ ಎಳೆದುಕೊಂಡೆ.

"ಲೇ, ಅವತ್ತು ಗ್ರೂಪಿಗೆ ಯಾವ ಕಾಗದ ಆಕ್ದೆ?"

"ಸಾಮಿ ಮುಂದೆ ಇದ್ದದ್ದು. ಕುಂಕುಮ ಇಟ್ಟದ್ದು."

"ಎರಡಕ್ಕೂ ಇಟ್ಟಿದ್ದೆ ಕಣೇ!"

"ಅದು ನನ್ ತಪ್ಪಾ ಮಾ?" ಎಂದು ಫೋನು ತೆಗೆದು ನೋಡಿದವಳು ಅಕ್ಕಿ ಡಬ್ಬದ ಮೇಲೆ ಕೂತು ನಗತೊಡಗಿದಳು. ನಾನು ಫೋನು ಮುಟ್ಟುವಂತಿಲ್ಲ. ಕಿವಿಯ ಮೇಲೆ ಹರಕೆ ಹೊತ್ತಿರಲಿಲ್ಲ, ದೇವರು ದೊಡ್ಡವನು. "ಓದು" ಎಂದೆ.

ಗ್ರೂಪಿಗೆ ಹೋಗಿದ್ದದ್ದು ಡಿಸೈನರ್ ಬರೆದ ನಿಜವಾದ ಗೋಪುರದ ಅಂಚು. ಏರುತ್ತದೆ, ಇಳಿಯುತ್ತದೆ, ಮತ್ತೆ ಅಷ್ಟೇ ಏರುತ್ತದೆ, ಅಷ್ಟೇ ಇಳಿಯುತ್ತದೆ. ಅಂಚು ಎಂದ ಮೇಲೆ ಹಾಗೇ ತಾನೇ ಇರಬೇಕು? ಅವರೆಲ್ಲ ಹುಚ್ಚೆದ್ದು ಹೋಗಿದ್ದರು. ಕೊಡೆಗೆ ಒಂದು ಅಲೆ ಇದೆ ಎಂದು ಒಬ್ಬರು. ಅಮಾವಾಸ್ಯೆ ಹುಣ್ಣಿಮೆಗೆ ಸರಿಹೊಂದುತ್ತದೆ ಎಂದು ಇನ್ನೊಬ್ಬರು. ನಡುವೆ ಇರುವ ಗಿಳಿಗಳ ಅರ್ಥ ಏನೆಂದು ಮೂರು ದಿನ ಚರ್ಚೆ. ಗಿಳಿಯನ್ನು ಹುಡುಕಿಕೊಂಡು ಹಳೆಯ ಕಂತುಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. ಒಬ್ಬರಿಗೆ ಬಸ್ಸಿನ ಕಿಟಕಿಯಲ್ಲಿ ಹಸಿರಾಗಿ ಏನೋ ಸಿಕ್ಕಿಯೂ ಬಿಟ್ಟಿತ್ತು! ಕೊನೆಗೆ ಟೊಮ್ಯಾಟೊ: "ಇಂಥ ಚಾರ್ಟ್ ಈ ಗ್ರೂಪಿನಲ್ಲಿ ಬಂದಿಲ್ಲ. ಅಕ್ಕನಿಗೆ ನಮಸ್ಕಾರ."

ಒಂದು ಕಡೆ ನನ್ನ ಲೆಕ್ಕ ಸೀರೆಯಾಗುತ್ತಿತ್ತು. ಇನ್ನೊಂದು ಕಡೆ ಸೀರೆ ಲೆಕ್ಕವಾಗಿತ್ತು. ನಡುವೆ ನಾನು.

ಯಜಮಾನರಿಗೆ ಹೇಳಲೇಬೇಕು ಎಂದು ತೀರ್ಮಾನಿಸಿ ಶಾವಿಗೆ ಪಾಯಸ ಮಾಡಿದೆ. ಪಾಯಸ ನೋಡಿ ಅವರಿಗೆ ಸಂತೋಷವಾಯಿತು. ಅಂಚು ಚೆನ್ನಾಗಿ ಬಂದದ್ದಕ್ಕೆ ಮಾಡಿದ್ದಾಳೆ ಎಂದುಕೊಂಡು ಎರಡನೇ ಸಲ ಹಾಕಿಸಿಕೊಂಡರು. ಅವರು ಲೋಟ ಇಡುವ ತನಕ ಕಾದು, ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒದರಿದೆ.

"ಕಾಗೆಯಾ?"

"ಕಾಗೆ."

"ಬಾಯಾಗಿರೋದು ಕಮಲ ಅಲ್ವಾ?"

"ಕೊಡೆ. ಮಗುಚಿರೋ ಕೊಡೆ."

"ಕೆಂಪು ಗೋಪುರ?"

"ಅದು ನರಿ ಬಂದ ದಿನ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮಗ್ಗದ ಮುಂದೆ ನಿಂತರು. ಆಮೇಲೆ ತಿರುಗದೆಯೇ ಹೇಳಿದರು, "ನಡುವೆ ನಿಲ್ಸೋಂಗಿಲ್ಲ. ನೇಯ್ತೀನಿ. ಆದ್ರೆ ಗುಡಿಯಾಗೆ ಸುಳ್ಳು ಬ್ಯಾಡ, ನೀನೇ ಏಳ್ಬೇಕು."

ಹೇಳಿದೆ. ಸೀರೆ ಮುಗಿದ ದಿನ ಗುಡಿಯ ಅಂಗಳದಲ್ಲಿ ಹಿರಿಯರ ಮುಂದೆ ಅದನ್ನು ಬಿಚ್ಚಿ ಹಾಸಿದರು. ನಮ್ಮ ಗುಡಿಗೆಲ್ಲ ಹಿರಿಯರು ಒಬ್ಬರಿದ್ದಾರೆ, ನಾವೆಲ್ಲ ದೊಡ್ಡಪ್ಪ ಎನ್ನುತ್ತೇವೆ. ಅವರು ಕನ್ನಡಕ ಒರೆಸಿಕೊಂಡು ಅಂಚಿನ ಮೇಲೆ ಬೆರಳಾಡಿಸಿದರು.

"ಇದೇನಪ್ಪಾ, ಗೋಪುರ ಒಂದೊಂದು ಒಂದೊಂದು ಅಳತೆ ಐತೆ?"

ಯಜಮಾನರು ನನ್ನನ್ನು ನೋಡಿದರು. ಮುಂದೆ ಬಂದೆ.

"ದೊಡ್ಡಪ್ಪಾ, ಅದು ಗೋಪುರ ಅಲ್ಲ. ಲೆಕ್ಕ."

"ಏನು ಲೆಕ್ಕ?"

"ಕೊಡೆ ಮಗುಚಿದ್ದು."

"ಯಾರ ಕೊಡೆ?"

"ಕಾಗೇದು."

"ಯಾವ ಕಾಗೆ?"

"ವಡೆ ಮಾರೋ ಕಾಗೆ."

ದೊಡ್ಡಪ್ಪ ಮೆಲ್ಲಗೆ ನಮ್ಮ ಯಜಮಾನರ ಕಡೆ ತಿರುಗಿದರು. "ಇವಳಿಗೆ ಎಷ್ಟು ದಿನದಿಂದ ಇಂಗೈತೆ?"

ಭುವನಾ ಫೋನು ತೆಗೆದು ಒಂದು ಕಂತು ತೋರಿಸಬೇಕಾಯಿತು. ದೊಡ್ಡಪ್ಪ ಮುಖ ಗಂಟು ಹಾಕಿಕೊಂಡೇ ಪೂರ್ತಿ ನೋಡಿದರು. ಕೊಡೆ ಮಗುಚಿದಾಗ ಮೀಸೆ ಒಂದು ಸಲ ಅಲುಗಿತು. ಆಮೇಲೆ ಹೇಳಿದರು, "ನೇಯ್ಗೇನಾಗೆ ಒಂದು ಎಳೆ ತಪ್ಪಿಲ್ಲ. ನಿಮ್ಮಪ್ಪನ ಕೈ ಬಂದೈತೆ ನಿಂಗೆ. ಆದ್ರೆ ಕಾಗೆ ಶನಿ ವಾಹನ. ಅಮ್ಮನ ಮೈಮ್ಯಾಲೆ ಆಕ್ಬೋದಾ? ಅದ್ನ ನಾನು ಏಳೋನಲ್ಲ. ಅವಳ್ನೇ ಕೇಳುವಾ."

ನಮ್ಮಲ್ಲಿ ಅಮ್ಮನನ್ನು ಕೇಳುವುದೆಂದರೆ ಹೂವು ಕೇಳುವುದು. ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಎಡಗಡೆಯದು ಬಿದ್ದರೆ ಇಲ್ಲ.

ಪೂಜಾರಿ ಹೂವು ಅಂಟಿಸಿದರು. ಯಜಮಾನರು ಕೈ ಮುಗಿದು ನಿಂತಿದ್ದರು, ಬೆರಳ ತುದಿಯಲ್ಲಿ ಜರಿ ಕೊಯ್ದ ಗೆರೆಗಳು. ತಾಯೀ, ಬುದ್ಧಿ ಇಲ್ಲದವಳು ನಾನು, ನೇಯ್ದವರು ಅವರು. ನನ್ನ ಲೆಕ್ಕ ಬೇಕಾದರೆ ಬೀಳಿಸು, ಅವರ ಕೈಯನ್ನು ಬೀಳಿಸಬೇಡ ಎಂದು ಬೇಡಿಕೊಂಡೆ.

ಪೂಜಾರಿ "ಅಮ್ಮಾ, ಈ ಸೀರೆ..." ಎನ್ನುವಷ್ಟರಲ್ಲೇ ಬಲಗಡೆಯ ಹೂವು ಟಪ್ ಎಂದು ಬಿತ್ತು!

"ಇನ್ನೂ ಕೇಳೇ ಇಲ್ವಲ್ಲಪ್ಪಾ" ಎಂದರು ದೊಡ್ಡಪ್ಪ. "ನೀರು ಜಾಸ್ತಿ ಆಗಿರ್ಬೇಕು. ಇನ್ನೊಂದು ಕಿತ ಇಡು."

ಇನ್ನೊಂದು ಸಲ ಇಟ್ಟರು. ಪ್ರಶ್ನೆ ಪೂರ್ತಿ ಕೇಳಿದರು. ಮತ್ತೆ ಬಲಗಡೆಯದೇ.

"ಸರಿ, ಅವಳಿಗೇ ಬೇಕಂತೆ" ಎಂದು ದೊಡ್ಡಪ್ಪ ಕೈ ಮುಗಿದರು. ನಮ್ಮ ಯಜಮಾನರು ಹೆಗಲ ಟವಲಿನಲ್ಲಿ ಮುಖ ಒರೆಸಿಕೊಂಡರು. ಬೆವರು ಎಂದರು. ಇರಲಿ, ಬೆವರೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪುಣ್ಯವಂತೆ. ಹರಕೆ ತೀರಿತ್ತು, ಫೋನು ಮುಟ್ಟಬಹುದಿತ್ತು. ಗಿಳಿ ಹುಡುಕುತ್ತಿರುವ ಆ ಜನರ ಪಾಪ ನನ್ನ ತಲೆಗೆ ಬೇಡ ಎಂದು ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡು ಕ್ಷಮೆ ಕೇಳಿದೆ. ಬಸ್ಸಿನ ಕಿಟಕಿಯಲ್ಲಿ ಹಸಿರು ಕಂಡಿದ್ದವರು ಮಾತ್ರ, ಅದು ಗಿಳಿಯೇ ಎಂದು ಇನ್ನೂ ಹಟ ಹಿಡಿದಿದ್ದಾರೆ. ಟೊಮ್ಯಾಟೊ ಕೇಳಿದರು: "ಹಾಗಾದರೆ ನಿಜವಾದ ಚಾರ್ಟ್ ಎಲ್ಲಿ ಅಕ್ಕಾ?"

ಕಾಗದ ಅಟ್ಟೆ ಹೊಡೆಯುವವನ ಹತ್ತಿರ ಹರಿದುಹೋಗಿತ್ತು.

"ಅಮ್ಮನ ಮೈಮೇಲಿದೆ" ಎಂದು ಬರೆದೆ.

ಸೀರೆ ಉಡಿಸುವ ಮೊದಲು ಭುವನಾ ಅಂಚನ್ನು ಫೋಟೋ ತೆಗೆದಿದ್ದಳು. ಅದನ್ನೇ ಕಳಿಸಿದೆವು. ಹೂವು, ಜೋಡಿಸಿದ ಕೈಗಳ ಚಿತ್ರಗಳು, ನಮಸ್ಕಾರಗಳು ಸುರಿದವು. ನರಿ ಬಂದ ದಿನ ಕೊಡೆ ಹೆಚ್ಚು ಮಗುಚುತ್ತದೆ ಎನ್ನುವುದು ಕೆಂಪು ರೇಷ್ಮೆಯಲ್ಲಿ ಎದ್ದು ಕಾಣುತ್ತಿತ್ತು. ನಾನು ಒಂದು ಲೋಟ ಕಾಫಿ ಬೆರೆಸಿಕೊಂಡು ಬಂದು ಕೂರುವಷ್ಟರಲ್ಲಿ ಟೊಮ್ಯಾಟೊ ಬರೆದಿದ್ದರು: "ಅಕ್ಕಾ, ಎಲ್ಲ ಸರಿ. ಹದಿನೇಳನೇ ಕಂಬ ಮಾತ್ರ ತಪ್ಪು. ಅಲ್ಲಿ ನಾಲ್ಕಲ್ಲ, ಐದು. ಕೊನೆಯಲ್ಲಿ ಹೆಸರು ಬರುವಾಗ ಹಿಂದುಗಡೆ ಇನ್ನೊಂದು ಸಲ ಮಗುಚುತ್ತದೆ."

ಆ ಕಂತನ್ನು ಮತ್ತೆ ಹಾಕಿ ನೋಡಿದೆ. ನಿಜ. ಹೆಸರು ಬರುವ ಹೊತ್ತಿಗೆ ಸ್ಟೌವಿನ ಮೇಲೆ ಹಾಲು ಉಕ್ಕಿ ನಾನು ಎದ್ದು ಓಡಿದ್ದೆ.

"ತಿದ್ದಿ ಮತ್ತೆ ಹಾಕಿಬಿಡಿ ಅಕ್ಕಾ" ಎಂದರು ಟೊಮ್ಯಾಟೊ, ಬಹಳ ಮರ್ಯಾದೆಯಿಂದ.

ತಿದ್ದಬೇಕಂತೆ!

ಹಬ್ಬದ ಸೀರೆಯನ್ನು ಅಮ್ಮನಿಗೆ ಆಮೇಲೆ ಶುಕ್ರವಾರಗಳಲ್ಲೂ ಉಡಿಸುತ್ತಾರೆ; ಈಗ ಶುಕ್ರವಾರ ಶುಕ್ರವಾರ ಗುಡಿಗೆ ಹೋಗುತ್ತೇನೆ. ಎಲ್ಲರೂ ಅಮ್ಮನ ಮುಖ ನೋಡುತ್ತಾರೆ, ನಮ್ಮ ಯಜಮಾನರ ನೇಯ್ಗೆ ನೋಡಿ ತಲೆದೂಗುತ್ತಾರೆ. ನನ್ನ ಕಣ್ಣು ಮಾತ್ರ ನೆರಿಗೆಯ ಎಡಕ್ಕೆ, ಹದಿನೇಳನೆಯ ಕಂಬಕ್ಕೇ ಹೋಗುತ್ತದೆ. ಅಲ್ಲಿ ಅದು ಒಂದು ಮಗುಚು ಗಿಡ್ಡವಾಗಿ, ಅಪ್ಪಟ ಜರಿಯಲ್ಲಿ ನಿಂತಿರುತ್ತದೆ. ಕೈ ಮುಗಿದು, ಪಕ್ಕದವರಿಗೆ ಕೇಳದ ಹಾಗೆ ಹೇಳುತ್ತೇನೆ:

"ತಾಯೀ, ಅಲ್ಲೊಂದು ಐದು ಅಂತ ಓದ್ಕೊ."